ಮರಳಿ ಬಾರದ ಟೋಕನ್



ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ನಿಮ್ಮ ಕೈಗೆ ಹಿತ್ತಾಳೆಯ ಟೋಕನ್ ಬರುತ್ತಿತ್ತು. ಹಣ ಪಡೆಯುವಾಗ ಅದನ್ನು ಮರಳಿಸುತ್ತಿದ್ದಿರಿ. ಗಣಕಯಂತ್ರದ ಮೆಮರಿಯೂ ಹಾಗೆಯೇ. ಪ್ರೋಗ್ರಾಂ ಪ್ರತಿ ಕೆಲಸಕ್ಕೆ ಒಂದಿಷ್ಟು ಮೆಮರಿ ಪಡೆದು, ಮುಗಿದ ಮೇಲೆ ಬಿಟ್ಟುಕೊಡಬೇಕು. ಬಿಡದಿದ್ದರೆ ಅದೇ ಮೆಮರಿ ಸೋರಿಕೆ.

1992ರ ನವೆಂಬರ್ 4ರ ನಸುಕಿನಲ್ಲಿ ಲಂಡನ್ ಆಂಬುಲೆನ್ಸ್ ಸೇವೆಯ ಗಣಕವ್ಯವಸ್ಥೆ ನಿಂತುಹೋಯಿತು. ಮೂರು ವಾರ ಮೊದಲು ಪ್ರೋಗ್ರಾಂ ಬದಲಿಸಿದಾಗ ಉಳಿದುಹೋದ ಒಂದು ತುಣುಕು, ಪ್ರತಿ ಗಾಡಿ ಕಳಿಸಿದಾಗಲೂ ಸರ್ವರಿನ ಸ್ವಲ್ಪ ಮೆಮರಿಯನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಬದಲಿ ಸರ್ವರೂ ಕೆಲಸಕ್ಕೆ ಬರಲಿಲ್ಲ. ಸಿಬ್ಬಂದಿ ಕಾಗದಕ್ಕೇ ಮರಳಬೇಕಾಯಿತು.

ಜತ್ತ ತಾಲೂಕಿನಿಂದ ಪುಣೆ, ಬೆಂಗಳೂರಿಗೆ ಹೋಗಿ ಈ ಕೆಲಸ ಮಾಡುವ ತರುಣರೇ, ನಿಮಗೊಂದು ಮಾತು. ವೆಬ್ ಫ್ರೇಮ್‌ವರ್ಕಿನ ಹೊಸ ಆವೃತ್ತಿ ಹಾಕಿದ ಮೇಲೆ ಮೆಮರಿ ಏರುತ್ತಲೇ ಹೋದರೆ ಬರೀ ರೀಸ್ಟಾರ್ಟ್ ಮಾಡಬೇಡಿ. ಅದು ಹೊಸ ಟೋಕನ್ ತರಿಸಿದಂತೆ, ಹಳೆಯವು ಎಲ್ಲಿ ಹೋದವೆಂದು ತಿಳಿಯದು. ಮೊದಲು ಮೆಮರಿಯ ಸ್ನ್ಯಾಪ್‌ಶಾಟ್ ತೆಗೆದಿಡಿ. ಒಂದೇ ಕೆಲಸವನ್ನು ನೂರು ಸಲ ಮಾಡಿಸಿ ಇನ್ನೊಂದು ತೆಗೆಯಿರಿ. ಎರಡನ್ನೂ ತಾಳೆ ನೋಡಿ, ಬೆಳೆದದ್ದರ ಬೆನ್ನು ಹಿಡಿಯಿರಿ. ಹಳೆಯ ಆವೃತ್ತಿಗೂ ಇದೇ ಪರೀಕ್ಷೆ ಮಾಡಿದರೆ ಸೋರಿಕೆ ಹೊಸದೋ ಮೊದಲಿನದೋ ಗೊತ್ತಾಗುತ್ತದೆ.

ಲಂಡನ್ನಿನ ಸೋರಿಕೆ ಮೊದಲ ದಿನ ಕಾಣಲಿಲ್ಲ. ಆದ್ದರಿಂದ ಹೊಸದು ಹಾಕಿದ ಮೇಲೆ ಒಂದು ತಿಂಗಳಾದರೂ ದಿನದ ಲೆಕ್ಕ ಬರೆದಿಡಿ.