ಐದು ನೋಡ್‌ಗೆ ಪಾಸ್ ಆಯ್ತು, ಐನೂರಕ್ಕೆ ಏನು ಗ್ಯಾರಂಟಿ?

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಕೂತು ನೋಡ್ತಿದ್ದರೂ ನಿಮ್ಮಲ್ಲಿ ಬಹಳ ಜನ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ಮೇಲೆ ಕೆಲಸ ಮಾಡೋರು. ಟೆಸ್ಟ್ ಮಾಡೋದು ಮೂರು ನೋಡ್, ಹೆಚ್ಚೆಂದರೆ ಐದು. ಕ್ಲೈಂಟ್ ಓಡಿಸೋದು ಐನೂರು. ಐದಕ್ಕೆ ಸರಿ ಇದ್ದದ್ದು ಐನೂರಕ್ಕೂ ಸರಿ ಅಂತ ಯಾವ ಧೈರ್ಯದ ಮೇಲೆ ಸೈನ್‌ಆಫ್ ಕೊಡೋದು? ಪ್ರತಿ ಸಂಖ್ಯೆಗೂ ಒಂದೊಂದು ಟೆಸ್ಟ್ ಬರೆಯೋಕಾಗಲ್ಲ, ಸಂಖ್ಯೆಗಳಿಗೆ ಕೊನೆಯೇ ಇಲ್ಲ.

ಇದಕ್ಕೊಂದು ದಾರಿ ನಿಮಗೆ ಆಗಲೇ ಗೊತ್ತಿರೋ ರೆಗ್ಯುಲರ್ ಎಕ್ಸ್‌ಪ್ರೆಶನ್. ಲಾಗ್ ಫೈಲ್‌ನಲ್ಲಿ ಗ್ರೆಪ್ ಮಾಡ್ತೀರಲ್ಲ, ಅದೇ.

ಪ್ರೋಸೆಸ್‌ಗಳು ಒಂದು ಸಾಲಿನಲ್ಲಿವೆ ಅಂದುಕೊಳ್ಳಿ. ಟೋಕನ್ ಯಾವುದರ ಹತ್ತಿರ ಇದೆಯೋ ಅದು ಮಾತ್ರ ಡೇಟಾಬೇಸ್‌ಗೆ ಬರೀಬಹುದು. ಟೋಕನ್ ಇದ್ದರೆ ‘ಟ’, ಖಾಲಿ ಇದ್ದರೆ ‘ಖ’. ಆಗ ಇಡೀ ಸಿಸ್ಟಮ್‌ನ ಒಂದು ಸ್ಥಿತಿ ಅಂದರೆ ಒಂದು ಪದ: ಟಖಖಖ. ಶುರುವಿನಲ್ಲಿ ಟೋಕನ್ ಮೊದಲನೆಯದರ ಹತ್ತಿರ, ಅಂದರೆ ಟಖ*. ಆ ಒಂದು ಸ್ಟಾರ್‌ನೊಳಗೆ ಐದೂ ಬಂತು, ಐನೂರೂ ಬಂತು. ಟೋಕನ್ ಪಕ್ಕಕ್ಕೆ ದಾಟಿದಾಗ ‘ಟಖ’ ಹೋಗಿ ‘ಖಟ’ ಆಗುತ್ತೆ. ಒಂದು ಪದ ಓದುತ್ತಾ ಇನ್ನೊಂದನ್ನು ಬರೆಯೋ ಆಟೊಮ್ಯಾಟನ್, ಅಂದರೆ ಟ್ರಾನ್ಸ್‌ಡ್ಯೂಸರ್, ಈ ಹೆಜ್ಜೆಯನ್ನು ಹೇಳುತ್ತೆ. ಎರಡು ‘ಟ’ ಮಾತ್ರ ಬರಬಾರದು.

ಈಗ ಖ*ಟಖ* ತೊಗೊಳ್ಳಿ. ಶುರುವಿನ ಸ್ಥಿತಿಗಳೆಲ್ಲ ಇದರೊಳಗಿವೆಯಾ? ಇವೆ. ಒಳಗಿನ ಯಾವ ಪದ ಒಂದು ಹೆಜ್ಜೆ ಇಟ್ಟರೂ ಒಳಗೇ ಉಳಿಯುತ್ತಾ? ಉಳಿಯುತ್ತೆ. ಎರಡು ‘ಟ’ ಇರೋ ಪದ ಒಳಗಿದೆಯಾ? ಇಲ್ಲ. ಮುಗೀತು, ಎಷ್ಟೇ ಪ್ರೋಸೆಸ್ ಇರಲಿ. ಸ್ಥಿತಿಗಳು ಅನಂತ, ಆದರೆ ಈ ಮೂರು ಪ್ರಶ್ನೆಗೆ ಉತ್ತರ ಕೊಡೋ ಆಟೊಮ್ಯಾಟನ್‌ಗಳಲ್ಲಿರೋದು ಬೆರಳೆಣಿಕೆಯ ಸ್ಟೇಟ್.

ಕಷ್ಟ ಎಲ್ಲಿ ಅಂದರೆ, ಖ*ಟಖ* ಅನ್ನೋದನ್ನ ನಾನು ಕೈಗಿಟ್ಟೆ. ಮಷೀನ್ ತಾನೇ ಹುಡುಕೋಕೆ ಹೋದರೆ ಟಖ*, ಖಟಖ*, ಖಖಟಖ*... ನಿಲ್ಲೋದೇ ಇಲ್ಲ. ಎಡಗಡೆ ‘ಖ’ ಬೆಳೀತಿದೆ ಅಂತ ಗುರುತಿಸಿ, ಖ* ಅಂತ ಜಿಗಿಯಬೇಕು. ಇದು ಊಹೆ, ಸರಿಯೋ ತಪ್ಪೋ ಅಂತ ಅದೇ ಮೂರು ಪ್ರಶ್ನೆ ಹೇಳುತ್ತೆ. ಜಿಗಿತ ಜಾಸ್ತಿಯಾಗಿ ‘ಟ, ಖ ಏನಾದರೂ ಇರಬಹುದು’ ಅಂತಾದರೆ ಕೆಟ್ಟ ಸ್ಥಿತಿಯೂ ಒಳಗೆ ಬಂದುಬಿಡುತ್ತೆ. 1997ರಲ್ಲಿ ಅಮೀರ್ ಪ್ನುಯೆಲಿ ಇದ್ದ ತಂಡ, 2000ದಲ್ಲಿ ಅಹ್ಮದ್ ಬುವಜ್ಜಾನಿ, ಬೆಂಗ್ಟ್ ಯಾನ್ಸನ್ ಮತ್ತು ಸಂಗಡಿಗರು ಬೆಳೆಸಿದ ಈ ವಿಧಾನಕ್ಕೆ ರೆಗ್ಯುಲರ್ ಮಾಡೆಲ್ ಚೆಕಿಂಗ್ ಅಂತ ಹೆಸರು.

ಎಲ್ಲ ಸಿಸ್ಟಮ್‌ಗೂ ಉತ್ತರ ಕೊಡೋ ಅಲ್ಗಾರಿದಮ್ ಇರೋಕೇ ಸಾಧ್ಯವಿಲ್ಲ ಅಂತ 1986ರಲ್ಲೇ ಆಪ್ಟ್ ಮತ್ತು ಕೋಜೆನ್ ತೋರಿಸಿದ್ದಾರೆ. ಹಾಗಾಗಿ ಟೂಲ್ ಕೆಲವೊಮ್ಮೆ ಸುತ್ತುತ್ತಲೇ ಇರುತ್ತೆ. ನನಗೆ ಅದು ಪರವಾಗಿಲ್ಲ ಅನ್ನಿಸುತ್ತೆ: ‘ಸರಿ ಇದೆ’ ಅಂದರೆ ಅದು ಐದಕ್ಕಲ್ಲ, ಎಲ್ಲದಕ್ಕೂ.