ಲಕ್ವ ಹೊಡೆದ ಹೊತ್ತು ಎಷ್ಟು?



ಆಂಬುಲೆನ್ಸಿನವರಾದ ನಾವು ಮನೆಗೆ ಬಂದವರೇ ‘ಎಷ್ಟು ಹೊತ್ತಿಗೆ ಶುರುವಾಯ್ತು?’ ಅಂತ ಕೇಳುತ್ತೇವೆ. ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಚಿಕಿತ್ಸೆ ನಿಂತಿರುವುದೇ ಆ ಉತ್ತರದ ಮೇಲೆ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4½ ಗಂಟೆಯೊಳಗೆ ಕೊಡಬೇಕು. ನಾಳ ಒಡೆದು ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಅಪಾಯ. ಯಾವುದೆಂದು ಹೊರಗಿನಿಂದ ನೋಡಿ ನಾವೂ ಹೇಳಲಾರೆವು; ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆದ್ದರಿಂದ ಹತ್ತಿರದ ಆಸ್ಪತ್ರೆ ಬಿಟ್ಟು ಸ್ಕ್ಯಾನ್ ಇರುವ ಕಡೆಗೆ ಗಾಡಿ ತಿರುಗಿಸಿದರೆ ಬೇಸರಿಸಬೇಡಿ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ನೀರು, ಕಾಫಿ, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿದೀತು. ಪಾರಿವಾಳದ ರಕ್ತ ಹಚ್ಚಿ ಕೈ ತಿಕ್ಕುವವರೂ ಉಂಟು. ಎಡ ಮಿದುಳಿಗೆ ಪೆಟ್ಟಾದರೆ ಬೀಳುವುದು ಬಲಗೈ. ಕೈಯನ್ನು ತಿಕ್ಕಿ ಏನು ಬಂತು?

ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ಎದ್ದ ಹೊತ್ತಲ್ಲ, ಕೊನೆಯದಾಗಿ ಚೆನ್ನಾಗಿದ್ದುದನ್ನು ಕಂಡ ಹೊತ್ತು ಹೇಳಿ. ಗಡಿಯಾರ ನೋಡಿರದಿದ್ದರೆ ‘ಸಂಜೆ ಡೈರಿಗೆ ಹಾಲು ಹಾಕಿ ಬರುವಾಗ ಚೆನ್ನಾಗೇ ಇದ್ರು’ ಅಂದರೂ ಆಯ್ತು. ಆ ಹೊತ್ತು ಊರಿಗೇ ಗೊತ್ತಲ್ಲ!