ಸಮೀಕ್ಷೆಗೆ ಬಂದ ಶಿಕ್ಷಕರನ್ನು ಕೇಳುವವರು ಯಾರು?

(ಚಿಂತಾಮಣಿಯಲ್ಲಿ ನಡೆದ ಶಿಕ್ಷಕ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ನಿಮ್ಮ ಮನೆಯ ಬಾಗಿಲಿಗೆ ಬಂದವರು ಯಾರೆಂದು ನೆನಪಿಸಿಕೊಳ್ಳಿರಿ. ಬಹುತೇಕ ಕಡೆ ಅವರು ಸರಕಾರಿ ಶಾಲೆಯ ಶಿಕ್ಷಕರು. ಕೈಯಲ್ಲಿ ಮೊಬೈಲ್, ಅದರಲ್ಲಿ 60 ಪ್ರಶ್ನೆಗಳು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ವಿಸ್ತರಿಸಲಾಯಿತು. ಅದು ಮಕ್ಕಳಿಗೆ ರಜೆ, ಶಿಕ್ಷಕರಿಗಲ್ಲ. ನಮ್ಮ ಜಾತಿ, ಆದಾಯ, ಓದು, ಉದ್ಯೋಗ ಎಲ್ಲವನ್ನೂ ಅವರು ಕೇಳಿ ಬರೆದುಕೊಂಡರು. ಬಿಸಿಲಲ್ಲಿ ಬಂದ ಆ ಮೇಡಂಗೆ ಒಂದು ಲೋಟ ನೀರು ಕೊಟ್ಟವರು ನಮ್ಮಲ್ಲಿ ಇರಬಹುದು. 'ತಾವು ಹೇಗಿದ್ದೀರಿ?' ಎಂದು ಕೇಳಿದವರು ಎಷ್ಟು ಮಂದಿ?

ಆ ಸಮೀಕ್ಷೆ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಅಂಕಿಅಂಶವಿಲ್ಲದ ಸಮುದಾಯದ ಅಹವಾಲನ್ನು ಯಾವ ಸರಕಾರವೂ ಆಲಿಸುವುದಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮನ್ನು ಒಮ್ಮೆ ಓದಬೇಕು. ಹತ್ತು ವರ್ಷಗಳಿಗೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರನ್ನು ಬಿಟ್ಟು ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚಬಾರದೆಂದು ಅದು ಹೇಳುತ್ತದೆ. ಕಾಯ್ದೆ ಹೀಗಿದ್ದೂ ಊರನ್ನೆಲ್ಲ ಸಮೀಕ್ಷೆ ಮಾಡುವವರು ಶಿಕ್ಷಕರೇ. ಅವರ ಸಮೀಕ್ಷೆ ಮಾತ್ರ ಯಾರಿಗೂ ಬೇಕಾಗಿಲ್ಲ.

ಮಕ್ಕಳನ್ನು ಒಮ್ಮೆ ಕೇಳಲಾಗಿದೆ. 2022ರ ಜನವರಿಯಿಂದ ಮಾರ್ಚ್‌ವರೆಗೆ ಎನ್‌ಸಿಇಆರ್‌ಟಿಯ 'ಮನೋದರ್ಪಣ' ವಿಭಾಗವು 6ರಿಂದ 12ನೇ ತರಗತಿಯ 3,79,842 ವಿದ್ಯಾರ್ಥಿಗಳ ಮನಸ್ಥಿತಿಯನ್ನು ವಿಚಾರಿಸಿತು. ಅವರಲ್ಲಿ ಶೇಕಡಾ 81ರಷ್ಟು ಮಂದಿ ತಮ್ಮ ಆತಂಕಕ್ಕೆ ಓದು, ಪರೀಕ್ಷೆ ಮತ್ತು ಫಲಿತಾಂಶವೇ ಕಾರಣವೆಂದರು. ಮಾಧ್ಯಮಿಕ ಹಂತದಿಂದ ಪ್ರೌಢ ಹಂತಕ್ಕೆ ಬರುತ್ತಿದ್ದಂತೆ ಶಾಲೆಯ ಬಗೆಗಿನ ತೃಪ್ತಿ ಕುಗ್ಗುವುದೂ ಕಂಡುಬಂತು. ಆದರೆ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ: ಆ ಪ್ರಶ್ನಾವಳಿಯಲ್ಲಿ ಹೆಸರು ಬರೆಯುವುದು ಕಡ್ಡಾಯವಾಗಿರಲಿಲ್ಲ.

ಇದೇಕೆ ಮುಖ್ಯವೆಂದರೆ, ನಾನು ಮದ್ರಸಾದಲ್ಲಿ ಓದುತ್ತಿದ್ದಾಗ ಒಬ್ಬರು ಹಿರಿಯರು ಕಾಗದಗಳ ಕಟ್ಟು ಹಿಡಿದು ಬಂದಿದ್ದರು. ಊಟ ಹೇಗಿದೆ, ಮಲಗುವ ವ್ಯವಸ್ಥೆ ಹೇಗಿದೆ, ಇಲ್ಲಿ ಸಂತೋಷವಾಗಿದ್ದೀರಾ ಎಂಬ ಪ್ರಶ್ನೆಗಳು. ಮೇಲೆ ಹೆಸರು, ತರಗತಿ. ನಾವು ಬರೆಯುತ್ತಿದ್ದಾಗ ಉಸ್ತಾದರು ಸಾಲುಗಳ ನಡುವೆ ಓಡಾಡುತ್ತಿದ್ದರು. ಅವರು ಕೆಟ್ಟವರಲ್ಲ, ಶಿಸ್ತಿಗಾಗಿ ನಿಂತಿದ್ದರು ಅಷ್ಟೆ. ಮನೆಯ ನೆನಪಿನಿಂದ ನನಗೆ ಆ ವಾರವಿಡೀ ನಿದ್ದೆ ಇರಲಿಲ್ಲ. ಆದರೂ ಎಲ್ಲ ಪ್ರಶ್ನೆಗಳಿಗೂ 'ಹೌದು, ಚೆನ್ನಾಗಿದೆ' ಎಂದೇ ಬರೆದೆ. ನನ್ನ ಪಕ್ಕದವನೂ ಹಾಗೆಯೇ ಬರೆದ. ಬಂದವರು ಬಹಳ ಸಂತೋಷದಿಂದ ಹಿಂದಿರುಗಿದರು.

ಇನ್ನು ಭಾಷೆಯ ವಿಷಯ. ನಮ್ಮ ಚಿಂತಾಮಣಿಯ ಮಗು ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತದೆ. ಅದರ ಮುಂದೆ 'ನೀನು ಮಾನಸಿಕ ಒತ್ತಡ ಅನುಭವಿಸುತ್ತಿರುವೆಯಾ?' ಎಂಬ ಪ್ರಶ್ನೆಯಿಟ್ಟರೆ ಅದು ಪಕ್ಕದವನ ಕಾಗದ ನೋಡುತ್ತದೆ. ಅದೇ ಮಗು ತಾಯಿಯ ಬಳಿ 'ಜೀ ನೈ ಲಗ್‌ರಾ' ಎನ್ನುತ್ತದೆ. ಪ್ರಶ್ನೆ ಆ ಮಾತಿನ ಹತ್ತಿರ ಇರಬೇಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರುತ್ತದೆಯೇ? ಮಧ್ಯಾಹ್ನ ಯಾರ ಪಕ್ಕ ಕುಳಿತು ಉಣ್ಣುತ್ತೀಯ? ಶಾಲೆಗೆ ಬರುವ ಮುಂಚೆ ಏನು ಕೆಲಸ ಮಾಡಿದೆ? ಈ ಕೊನೆಯ ಪ್ರಶ್ನೆ ಚಿಂತಾಮಣಿಯ ಟೊಮೆಟೊ ಮಂಡಿಗೂ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಿಗೂ ಸಲ್ಲುತ್ತದೆ. ಹೆಣ್ಣು ಮಕ್ಕಳಿಗೆ ಇನ್ನೂ ಒಂದು ಪ್ರಶ್ನೆ ಸೇರಬೇಕು: ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದೆ ಇರುತ್ತೀಯಾ?

2022ರಲ್ಲಿ ಹಿಜಾಬ್ ವಿವಾದ ಉರಿಯುತ್ತಿದ್ದಾಗ ದೂರದರ್ಶನ ವಾಹಿನಿಗಳಲ್ಲಿ ಎಲ್ಲರೂ ಮಾತನಾಡಿದರು. ಪಿಯುಸಿಎಲ್‌ನ ಕರ್ನಾಟಕ ಘಟಕದವರು ಮಾತ್ರ ಉಡುಪಿ, ಹಾಸನ, ರಾಯಚೂರು ಮೊದಲಾದ ಜಿಲ್ಲೆಗಳಿಗೆ ಹೋಗಿ ಆ ವಿದ್ಯಾರ್ಥಿನಿಯರನ್ನೇ ಕೂರಿಸಿ ಕೇಳಿ, ವರದಿ ಬರೆದರು. ಆ ಕೆಲಸವನ್ನು ಮೊದಲು ಮಾಡಬೇಕಾಗಿದ್ದವರು ನಾವು. ನಾವು ಮನವಿಪತ್ರಗಳನ್ನು ಬರೆದೆವು.

ಈಗ ಸ್ವಲ್ಪ ಕಹಿ ಮಾತು, ಹಿರಿಯರು ಮನ್ನಿಸಬೇಕು. ನಮ್ಮವರೇ ನಡೆಸುವ ಶಾಲೆಗಳ ಶಿಕ್ಷಕಿಯರಲ್ಲಿ ಅನೇಕರು ಪದವೀಧರ ಯುವತಿಯರು. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ರಸೀದಿಯಲ್ಲಿ ಒಂದು ಮೊತ್ತ, ಕೈಗೆ ಇನ್ನೊಂದು ಎಂಬ ದೂರನ್ನೂ ಕೇಳಿದ್ದೇನೆ. ಯಾವ ಊರು, ಯಾವ ಶಾಲೆ ಎಂದು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದರೆ ವಿಚಾರಣೆ ಅವರದೇ. ಆತಂಕದಲ್ಲಿರುವ ಶಿಕ್ಷಕಿಯು ಆತಂಕದಲ್ಲಿರುವ ಮಗುವಿನ ತಲೆಯ ಮೇಲೆ ಕೈಯಿಡುವುದು ಹೇಗೆ? ಆದ್ದರಿಂದ ನಾವು ಮಾಡುವ ಸಮೀಕ್ಷೆ ಶಿಕ್ಷಕರಿಂದಲೇ ಶುರುವಾಗಬೇಕು, ಮಕ್ಕಳದ್ದು ಆನಂತರ.

ಕಾಗದಗಳನ್ನು ಹಂಚುವವರು ಈ ಶಾಲೆಯವರಾಗಿರಬಾರದು. ಹೆಸರು ಬೇಡ, ಕೈಬರಹವೂ ಬೇಡ, ಗುರುತು ಹಾಕಿದರೆ ಸಾಕು. ಮೂವರೇ ಶಿಕ್ಷಕಿಯರಿರುವ ಶಾಲೆಯಲ್ಲಿ ವಯಸ್ಸು ಕೇಳಿದರೂ ಹೆಸರು ಕೇಳಿದಂತೆಯೇ, ಅದನ್ನೂ ಬಿಡಬೇಕು. ಮಕ್ಕಳ ಕಾಗದದ ಕೊನೆಯಲ್ಲಿ 1098 ಮಕ್ಕಳ ಸಹಾಯವಾಣಿಯೂ 14416 ಟೆಲಿ-ಮಾನಸ್ ಸಂಖ್ಯೆಯೂ ಇರಲಿ. ಯಾರಾದರೂ ತನ್ನನ್ನು ಹಿಂಸಿಸುತ್ತಿದ್ದಾರೆಂದು ಮಗು ಬಾಯಿಬಿಟ್ಟು ಹೇಳಲು ಬಂದರೆ ಕೇಳಿಸಿಕೊಳ್ಳುವ ಒಬ್ಬ ಹಿರಿಯ ಮಹಿಳೆಯನ್ನು ಮೊದಲೇ ಗೊತ್ತುಮಾಡಿರಬೇಕು. ಆ ವ್ಯವಸ್ಥೆಯಿಲ್ಲದೆ ಕೇಳುವುದಾದರೆ ಕೇಳದಿರುವುದೇ ಲೇಸು. ಬಂದ ಉತ್ತರಗಳನ್ನು ಇದೇ ಸಭಾಂಗಣದಲ್ಲಿ, ಇದೇ ಜನರ ಮುಂದೆ ಓದಬೇಕು.

ಕರಡು ಪ್ರಶ್ನಾವಳಿ ನನ್ನ ಬಳಿ ಇದೆ. ಶಿಕ್ಷಕರಿಗೆ 11 ಪ್ರಶ್ನೆಗಳು, ಒಂದು ಹಾಳೆಯ ಒಂದೇ ಮಗ್ಗುಲು. ಆಡಳಿತ ಮಂಡಳಿಯವರು ಈಗಲೇ ಓದಿ ತಿದ್ದಬಹುದು, ಕಠಿಣವೆನಿಸಿದ ಪದಗಳನ್ನು ಬದಲಿಸಬಹುದು. ನಾಲ್ಕನೇ ಪ್ರಶ್ನೆ ಸಂಬಳದ್ದು. ಅದೊಂದನ್ನು ಮಾತ್ರ ತೆಗೆಯಬಾರದೆಂದು ವಿನಂತಿ.